ಜಾಸ್ತಿಯಾಗಿದ್ದು ದೋಸೆಯೋ, ಬೆಲೆಯೋ?

ದಾವಣಗೆರೆಯಲ್ಲಿ ನನ್ನ ಹತ್ತಿರ ಮನೆಪಾಠಕ್ಕೆ ಬರುವ ಮಕ್ಕಳು ‘ದಿ ಪ್ರೈಸ್ ಆಫ್ ದೋಸಾಸ್ ಆರ್ ಹೈ’ ಎಂದೇ ಬರೆಯುತ್ತಿದ್ದರು. ಏಕವಚನಕ್ಕೆ ‘ಈಸ್’, ಬಹುವಚನಕ್ಕೆ ‘ಆರ್’ ಎಂಬ ನಿಯಮ ಬಾಯಿಪಾಠ ಮಾಡಿಸಿದರೂ ಅಷ್ಟೇ. ತೊಡಕು ಇದ್ದದ್ದು ಪದಗಳ ಜಾಗದಲ್ಲಿ. ‘ಬೆಣ್ಣೆ ದೋಸೆಗಳ ಬೆಲೆ ಜಾಸ್ತಿಯಾಗಿದೆ’ ಎನ್ನುವಾಗ ದೋಸೆ ಮೊದಲೇ ಮುಗಿದು, ಬೆಲೆ ಕ್ರಿಯಾಪದದ ಕಡೆಗಿರುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದದ ಪಕ್ಕ ಬಂದು ಕೂರುವುದು ದೋಸೆಗಳೇ, ಅಲ್ವಾ? ಅದಕ್ಕೇ ‘ಆಫ್ ದೋಸಾಸ್’ ಮೇಲೆ ಪೆನ್ಸಿಲ್ ಗೆರೆ ಎಳೆಸಿದೆ. ಉಳಿದದ್ದು ‘ಪ್ರೈಸ್’, ಏಕವಚನ. ಆದ್ದರಿಂದ ‘ಈಸ್’. ‘ಒನ್ ಆಫ್ ದಿ ಬಾಯ್ಸ್’ಗೂ ಇದೇ ಉಪಾಯ. ‘ಎ ಲಾಟ್ ಆಫ್ ಬಾಯ್ಸ್’ಗೆ ಮಾತ್ರ ಗೆರೆ ಬೇಡ, ಅಲ್ಲಿ ‘ಆರ್’. ಇನ್ನು ಎಸ್ ಇಲ್ಲದ ‘ಪೀಪಲ್’ಗೆ ‘ಆರ್’, ಎಸ್ ಇರುವ ‘ನ್ಯೂಸ್’ಗೆ ‘ಈಸ್’. ಇವನ್ನು ಸುಮ್ನೆ ನೆನಪಿಟ್ಟುಕೊಳ್ಳಬೇಕು, ಬೇರೆ ದಾರಿಯಿಲ್ಲ.