ಗಾಲಿಯ ಮೇಲಿನ ಮನೆಯಲ್ಲಿ ಹದವಾದ ಕಾಫಿ

ಕ್ಯಾರವಾನಿನಲ್ಲಿ ಕಾಫಿ ಕೆಟ್ಟರೆ ಹೆಚ್ಚಿನವರು ಪುಡಿಯನ್ನು ದೂರುತ್ತಾರೆ. ಪುಡಿ ಬದಲಿಸುವ ಮೊದಲು ನೀವು ಕಾಫಿಗೆ ಹಾಕಿದ ನೀರನ್ನು ಹಾಗೆಯೇ ಒಂದು ಗುಟುಕು ಕುಡಿದು ನೋಡಿ. ಸೋಸಿದ ಕಪ್ಪು ಕಾಫಿಯಲ್ಲಿ ಶೇ. 98ಕ್ಕೂ ಹೆಚ್ಚು ಪಾಲು ನೀರೇ ಇರುತ್ತದೆ. ಗಾಡಿಯ ತೊಟ್ಟಿಯಲ್ಲಿ ಎರಡು ದಿನ ಬಿಸಿಲಿಗೆ ಕುದ್ದು, ರಬ್ಬರ್ ಕೊಳವೆಯಲ್ಲಿ ಹಾದು ಬಂದ ನೀರಿಗೆ ಆ ಎರಡರ ವಾಸನೆಯೂ ಹತ್ತಿರುತ್ತದೆ. ಎಂಥ ಒಳ್ಳೆಯ ಬೀಜ ತಂದರೂ ಅದು ಮುಚ್ಚಿಹೋಗುವುದಿಲ್ಲ. ಇದು ನನಗೆ ತಿಳಿಯಲು ಮೂರು ಪ್ರವಾಸಗಳು ಬೇಕಾದವು. ಆಮೇಲಿನಿಂದ ಕಾಫಿಗೆಂದೇ 5 ಲೀಟರಿನ ಒಂದು ಕ್ಯಾನ್ ಬೇರೆ ಇಡುತ್ತೇನೆ. ಕುಡಿಯುವ ನೀರಿನ ನಲ್ಲಿ ಸಿಕ್ಕಲ್ಲಿ ಅದನ್ನು ತೊಳೆದು ತುಂಬಿಸುತ್ತೇನೆ, ತೊಟ್ಟಿಯ ನೀರನ್ನು ಪಾತ್ರೆ ತೊಳೆಯಲು ಬಿಡುತ್ತೇನೆ. ನೀರಿಗೆ ಕ್ಲೋರಿನ್ ವಾಸನೆ ಇದ್ದರೆ ಇದ್ದಿಲಿನ ಫಿಲ್ಟರ್ ಇರುವ ಹೂಜಿಯಲ್ಲಿ ಒಮ್ಮೆ ಸೋಸಿದರೆ ಸಾಕು. ಹಾಗೆಂದು ಖನಿಜಾಂಶವೇ ಇಲ್ಲದ ಭಟ್ಟಿ ಇಳಿಸಿದ ನೀರನ್ನು ಬಳಸಬೇಡಿ, ಅದರಲ್ಲಿ ಕಾಫಿ ಸಪ್ಪೆಯಾಗುತ್ತದೆ.

ಇನ್ನು ಪಾತ್ರೆಯ ಮಾತು. ಮೊದಲ ಪ್ರವಾಸಕ್ಕೆ ನಾನು ಗಾಜಿನ ಫ್ರೆಂಚ್ ಪ್ರೆಸ್ (ಬಿಸಿನೀರಲ್ಲಿ ನೆನೆಸಿದ ಪುಡಿಯನ್ನು ಜಾಲರಿಯಿಂದ ಕೆಳಗೊತ್ತಿ ಸೋಸುವ ಪಾತ್ರೆ) ಕೊಂಡೊಯ್ದಿದ್ದೆ. ಒಂದು ಗುಂಡಿಯಲ್ಲಿ ಗಾಡಿ ಎಗರಿದಾಗ ಕಪಾಟಿನೊಳಗೇ ಅದು ಪುಡಿಯಾಯಿತು. ಗಾಜಿನ ಚೂರು ಹಾಸಿಗೆಯ ಸಂದಿಯಲ್ಲಿ ವಾರದ ನಂತರವೂ ಸಿಗುತ್ತಿತ್ತು. ಅಂದಿನಿಂದ ಗಾಡಿಯೊಳಗೆ ಗಾಜಿಗೆ ಪ್ರವೇಶವಿಲ್ಲ. ಒಬ್ಬರೋ ಇಬ್ಬರೋ ಇದ್ದರೆ ಏರೋಪ್ರೆಸ್‌ನಂತಹ ಒತ್ತುಕೊಳವೆ (ಕೊಳವೆಯೊಳಗಿನ ಕಾಫಿಯನ್ನು ಕೈಯಿಂದ ಒತ್ತಿ ಸೋಸುವ ಸಾಧನ) ಸಾಕು. ಅದು ಹಗುರ, ಬಿದ್ದರೆ ಒಡೆಯುವುದಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ತೊಳೆಯಲು ಅರ್ಧ ಲೋಟ ನೀರೂ ಬೇಡ. 3–4 ಜನರಿದ್ದರೆ ಎರಡು ಪದರದ ಸ್ಟೀಲ್ ಫ್ರೆಂಚ್ ಪ್ರೆಸ್ ಒಳ್ಳೆಯದು. ಹಾಲು ಬೆರೆಸಿ ಕುಡಿಯುವವರಿಗೆ ಗಟ್ಟಿ ಡಿಕಾಕ್ಷನ್ ಬೇಕು, ಅವರಿಗೆ ಮೋಕಾ ಪಾಟ್ (ಕೆಳಗೆ ಕಾದ ನೀರು ಹಬೆಯ ಒತ್ತಡಕ್ಕೆ ಪುಡಿಯ ಮೂಲಕ ಮೇಲೇರಿ ಕಾಫಿಯಾಗುವ ಪಾತ್ರೆ) ಹೇಳಿ ಮಾಡಿಸಿದಂತಿದೆ. 1933ರಲ್ಲಿ ಇಟಲಿಯಲ್ಲಿ ಹುಟ್ಟಿದ ಈ ಪಾತ್ರೆ ಇಂದಿಗೂ ಹೆಚ್ಚು ಬದಲಾಗಿಲ್ಲ. ಅಲ್ಯೂಮಿನಿಯಂನದಾದರೆ ಇಂಡಕ್ಷನ್ ಒಲೆಯಲ್ಲಿ ಬಿಸಿಯಾಗುವುದಿಲ್ಲ, ಕೊಳ್ಳುವಾಗಲೇ ಕೇಳಿಕೊಳ್ಳಿ. ಗಾಡಿಯ ಒಲೆಯ ಕಂಬಿಗಳ ನಡುವೆ ಸಣ್ಣ ಮೋಕಾ ಪಾಟ್ ಓಲಾಡುತ್ತದೆ. ಕಂಬಿಗಳ ಮೇಲೆ ಚಿಕ್ಕದೊಂದು ಕಬ್ಬಿಣದ ಜಾಲರಿ ಇಟ್ಟು ಅದರ ಮೇಲೆ ಕೂರಿಸಿ.

ಮೋಕಾದಲ್ಲಿ ಕಾಫಿ ಕಹಿಯಾಗುತ್ತದೆ ಎನ್ನುವವರು ಬಹಳ. ಬಹುಪಾಲು ಅದು ಉರಿಯ ತಪ್ಪು. ಕೆಳಗಿನ ಪಾತ್ರೆಗೆ ಮೊದಲೇ ಕಾಯಿಸಿದ ನೀರನ್ನು ಕವಾಟದ ಕೆಳಮಟ್ಟದವರೆಗೆ ಮಾತ್ರ ಹಾಕಿ. ಪುಡಿಯನ್ನು ಮಟ್ಟಸವಾಗಿ ತುಂಬಿ, ಆದರೆ ಒತ್ತಬೇಡಿ. ಬಟ್ಟೆ ಹಿಡಿದು ಬಿಗಿಯಾಗಿ ತಿರುಗಿಸಿ, ಸಣ್ಣ ಉರಿಯಲ್ಲಿಟ್ಟು ಮುಚ್ಚಳ ತೆರೆದು ನೋಡುತ್ತಿರಿ. ಕಾಫಿ ಮೊದಲು ಕಪ್ಪಗೆ, ಆಮೇಲೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಗೊರಗೊರ ಸದ್ದು ಶುರುವಾಗುವ ಹೊತ್ತಿಗೆ ಪಾತ್ರೆ ಒಲೆಯಿಂದ ಕೆಳಗಿರಬೇಕು.

ಬೀಜವನ್ನು ಗಾಡಿಯಲ್ಲೇ ಬೀಸಿಕೊಳ್ಳುವುದು ಉತ್ತಮ. ಬೀಸಿದ ಪುಡಿಯ ಪರಿಮಳ ಕೆಲವೇ ದಿನಗಳಲ್ಲಿ ಇಳಿಯುತ್ತದೆ, ಇಡೀ ಬೀಜವಾದರೆ ವಾರಗಟ್ಟಲೆ ಉಳಿಯುತ್ತದೆ. ಕೈಯಿಂದ ತಿರುಗಿಸುವ, ಹಲ್ಲು ಹಲ್ಲಿನ ನಡುವೆ ಬೀಜ ಅರೆಯುವ ಗ್ರೈಂಡರ್ ತನ್ನಿ. ಬ್ಲೇಡ್ ಇರುವ ಮಿಕ್ಸರ್ ಒಂದಿಷ್ಟನ್ನು ಹಿಟ್ಟು, ಒಂದಿಷ್ಟನ್ನು ನುಚ್ಚು ಮಾಡುತ್ತದೆ. ಹಿಟ್ಟಾದದ್ದು ಕಹಿ ಬಿಡುತ್ತದೆ, ನುಚ್ಚಾದದ್ದು ಹುಳಿಯಾಗಿ ಉಳಿಯುತ್ತದೆ. ಫ್ರೆಂಚ್ ಪ್ರೆಸ್ಸಿಗೆ ತರಿತರಿ, ಮೋಕಾಕ್ಕೆ ಅದಕ್ಕಿಂತ ಸಣ್ಣ. 250 ಮಿಲಿ ನೀರಿಗೆ 15 ಗ್ರಾಂ ಪುಡಿ ಎಂಬ ಅಳತೆಯಿಂದ ಶುರು ಮಾಡಿ, ಆಮೇಲೆ ನಿಮ್ಮ ನಾಲಿಗೆ ಹೇಳಿದಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಯಾರಾದರೂ ಓಡಾಡಿದರೂ ಅಲುಗುವ ಗಾಡಿಯಲ್ಲಿ ಡಿಜಿಟಲ್ ತಕ್ಕಡಿ ನಿಲ್ಲುವುದೇ ಇಲ್ಲ. ಹೊರಡುವ ಮೊದಲೇ ಮನೆಯಲ್ಲಿ ತೂಗಿ, ನಿಮ್ಮ ಯಾವ ಚಮಚದಲ್ಲಿ ಎಷ್ಟು ಗ್ರಾಂ ಹಿಡಿಯುತ್ತದೆ ಎಂದು ತಿಳಿದುಕೊಂಡು ಆ ಚಮಚವನ್ನೇ ಡಬ್ಬಿಯೊಳಗೆ ಹಾಕಿಕೊಂಡು ಬನ್ನಿ. ಡಬ್ಬಿಯನ್ನು ಒಲೆಯ ಮೇಲಿನ ಕಪಾಟಿನಲ್ಲಿ ಮಾತ್ರ ಇಡಬೇಡಿ. ಕೈಗೆ ಹತ್ತಿರವೆಂದು ಎಲ್ಲರೂ ಅಲ್ಲೇ ಇಡುತ್ತಾರೆ, ಬಿಸಿ ಮತ್ತು ಹಬೆ ಏರುವುದೂ ಅಲ್ಲಿಗೇ. ನೆಲಮಟ್ಟದ ಕತ್ತಲೆಯ ಗೂಡು ಅದಕ್ಕೆ ಸರಿಯಾದ ಜಾಗ.

ಈಗ ಬೆಂಕಿ. ಇಲ್ಲಿ ರುಚಿಗಿಂತ ದೊಡ್ಡದು ಜೀವ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಚಳಿಯ ಮುಂಜಾನೆ ಕಿಟಕಿಗಳನ್ನೆಲ್ಲ ಬಿಗಿದು ಗ್ಯಾಸ್ ಒಲೆ ಹಚ್ಚಿದರೆ ಒಳಗಿನ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮಾನಾಕ್ಸೈಡ್ ಕೂಡಿಕೊಳ್ಳಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳದೇ ಹೋಗಬಹುದು. ಒಲೆ ಹಚ್ಚುವ ಮೊದಲು ಮೇಲಿನ ಗಾಳಿಕಿಂಡಿಯನ್ನೂ ಒಂದು ಕಿಟಕಿಯನ್ನೂ ತೆರೆಯಿರಿ. ಆ ಅನಿಲವನ್ನು ಗುರುತಿಸಿ ಕೂಗುವ ಅಲಾರಂ ಒಂದು ಗಾಡಿಯಲ್ಲಿ ಇರಲೇಬೇಕು. ಜ್ವಾಲೆ ನೀಲಿಯಾಗಿರದೆ ಹಳದಿಗೆ ತಿರುಗಿದರೆ ಆರಿಸಿ, ಬರ್ನರ್ ತೋರಿಸಿ ಸರಿಮಾಡಿಸಿಕೊಳ್ಳಿ. ನೆಲದ ಹತ್ತಿರವೂ ಕಿಂಡಿಗಳಿರುತ್ತವೆ. ಸೋರಿದ ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಕೆಳಗೆ ಕೂರುತ್ತದೆ, ಅದು ಹೊರಹೋಗುವ ದಾರಿ ಅವು. ಚಳಿಗಾಳಿ ಬರುತ್ತದೆಂದು ಅವಕ್ಕೆ ಬಟ್ಟೆ ತುರುಕುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಚಕ್ರ ಉರುಳುವಾಗ ಸಿಲಿಂಡರಿನ ಕವಾಟ ಮುಚ್ಚಿರಲಿ, ಓಡುವ ಗಾಡಿಯಲ್ಲಿ ಯಾರೂ ಕಾಫಿ ಮಾಡುವುದು ಬೇಡ.

ಚಳಿಯಲ್ಲಿ ಒಲೆ ಹತ್ತದಿದ್ದರೆ ಒಲೆಯನ್ನು ಬೈಯಬೇಡಿ. ಸಿಲಿಂಡರಿಗೆ ತುಂಬುವ ಅನಿಲಗಳಲ್ಲಿ ಒಂದಾದ ಬ್ಯೂಟೇನ್ ಸುಮಾರು ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಇನ್ನೊಂದಾದ ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ. ಚಳಿಯ ಕಡೆಗೆ ಹೋಗುವಾಗ ಪ್ರೊಪೇನ್ ತುಂಬಿದ ಸಿಲಿಂಡರ್ ಹಾಕಿಸಿಕೊಳ್ಳಿ.

ಗ್ಯಾಸ್ ಬೇಡ, ಬ್ಯಾಟರಿಯಲ್ಲೇ ನೀರು ಕಾಯಿಸುತ್ತೇವೆ ಎನ್ನುವವರು ಒಂದು ಲೆಕ್ಕ ಹಾಕಿ. ಅರ್ಧ ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಸಲು ಬೇಕಾಗುವುದು ಸುಮಾರು 50 ವಾಟ್-ಗಂಟೆ, ಅದೇನೂ ಹೆಚ್ಚಲ್ಲ. ಆದರೆ 1000 ವಾಟ್‌ನ ಕೆಟಲ್ ಇನ್ವರ್ಟರ್ ಮೂಲಕ 12 ವೋಲ್ಟ್ ಬ್ಯಾಟರಿಯಿಂದ 90 ಆಂಪಿಯರ್ ಹತ್ತಿರ ಎಳೆಯುತ್ತದೆ. ಆ ರಭಸಕ್ಕೆ ಹಳೆಯ ಸೀಸದ ಬ್ಯಾಟರಿಯ ವೋಲ್ಟೇಜ್ ಕುಸಿದು ಇನ್ವರ್ಟರ್ ನಿಂತುಬಿಡುತ್ತದೆ. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಹಾಕುವ 150 ವಾಟ್‌ನ ಕೆಟಲ್ಲಾದರೆ ಅದೇ ನೀರಿಗೆ 20 ನಿಮಿಷ ದಾಟುತ್ತದೆ. ಲಿಥಿಯಂ ಬ್ಯಾಟರಿ, ದಪ್ಪ ತಂತಿ ಎರಡೂ ಇದ್ದರೆ ಧೈರ್ಯವಾಗಿ ಮಾಡಿ. ಇಲ್ಲದಿದ್ದರೆ ಗ್ಯಾಸೇ ಮೇಲು.

ಕಾಫಿಗೆ ಬೇಕಾದ ನೀರಿನ ಬಿಸಿ 90ರಿಂದ 96 ಡಿಗ್ರಿ. ಕುದಿ ಬಂದ ಮೇಲೆ ಅರ್ಧ ನಿಮಿಷ ಬಿಟ್ಟು ಸುರಿದರೆ ಆ ಹದ ಸಿಗುತ್ತದೆ. ಬೆಟ್ಟದ ಮೇಲೆ ಮಾತ್ರ ಕಾಯಬೇಡಿ. ಪ್ರತಿ 300 ಮೀಟರ್ ಏರಿದಂತೆ ನೀರು ಕುದಿಯುವ ಬಿಸಿ ಸುಮಾರು ಒಂದು ಡಿಗ್ರಿ ಇಳಿಯುತ್ತದೆ, 3000 ಮೀಟರ್ ಎತ್ತರದಲ್ಲಿ 90ಕ್ಕೇ ಕುದಿಯುತ್ತದೆ. ಅಲ್ಲಿ ಒಲೆಯಿಂದ ಇಳಿಸಿದ ತಕ್ಷಣ ಸುರಿಯಿರಿ, ಪುಡಿಯನ್ನು ತುಸು ಸಣ್ಣಗೆ ಬೀಸಿ, ಫ್ರೆಂಚ್ ಪ್ರೆಸ್ಸಿನಲ್ಲಿ ಸಾಮಾನ್ಯವಾಗಿ ಬಿಡುವ 4 ನಿಮಿಷಕ್ಕೆ ಇನ್ನೊಂದು ನಿಮಿಷ ಸೇರಿಸಿ.

ದಾರಿಗೆಂದು ಫ್ಲಾಸ್ಕಿನಲ್ಲಿ ಒಯ್ಯುವವರು ಮೊದಲು ಅದಕ್ಕೆ ಕುದಿಯುವ ನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಬೇಕು. ಒಳಗೆ ಕಪ್ಪು ಕಾಫಿ ಮಾತ್ರ ಹಾಕಿ. ಹಾಲು ಬೆರೆಸಿದ ಕಾಫಿ ಫ್ಲಾಸ್ಕಿನ ಉಗುರುಬಿಸಿಯಲ್ಲಿ ಬೇಗ ಕೆಡುತ್ತದೆ, ಆ ವಾಸನೆ ಮುಚ್ಚಳದ ರಬ್ಬರಿಗೆ ಹಿಡಿದರೆ ಬಿಡುವುದೇ ಇಲ್ಲ. ಹಾಲಿಗೆ ಯುಎಚ್‌ಟಿ (ಅತಿ ಬಿಸಿಯಲ್ಲಿ ಕ್ಷಣಕಾಲ ಕಾಯಿಸುವ ವಿಧಾನ) ಮಾಡಿದ 200 ಮಿಲಿಯ ಸಣ್ಣ ಪೊಟ್ಟಣಗಳು ಅನುಕೂಲ. ಪೊಟ್ಟಣ ತೆರೆಯುವವರೆಗೆ ಫ್ರಿಜ್ ಬೇಡ, ತೆರೆದರೆ ಅಂದೇ ಮುಗಿಯುತ್ತದೆ.

ಕೊನೆಗೆ ಚರಟ. ಅದನ್ನು ಗಾಡಿಯ ಸಿಂಕಿಗೆ ತೊಳೆದು ಬಿಟ್ಟರೆ ಕಿರಿದಾದ ಕೊಳವೆಯ ತಿರುವಿನಲ್ಲಿ ಕೂತು ಗಟ್ಟಿಯಾಗುತ್ತದೆ, ಕೊಳಕು ನೀರಿನ ತೊಟ್ಟಿ ನಾರುತ್ತದೆ. ಒಮ್ಮೆ ನಾವು ಮಳೆಯಲ್ಲಿ ಗಾಡಿಯ ಕೆಳಗೆ ಮಲಗಿ ಆ ಕೊಳವೆ ಬಿಚ್ಚಿದ್ದೇವೆ. ಒತ್ತುಕೊಳವೆಯ ಚರಟ ಬಿಲ್ಲೆಯಾಗಿ ಬೀಳುತ್ತದೆ, ಕಸದ ಚೀಲಕ್ಕೆ ಹಾಕಿದರಾಯಿತು. ಫ್ರೆಂಚ್ ಪ್ರೆಸ್ಸಿನದಾದರೆ ಹಳೆಯ ಕಾಗದದಿಂದ ಒರೆಸಿ ತೆಗೆದು, ಆಮೇಲೆ ನೀರು ಮುಟ್ಟಿಸಿ. ಜಾಲರಿಗೆ ಅಂಟಿದ ಕಾಫಿಯ ಎಣ್ಣೆ ಎರಡು ದಿನದಲ್ಲಿ ಮುಗ್ಗಲು ವಾಸನೆ ಹೊಡೆಯುತ್ತದೆ. ಆದ್ದರಿಂದ ದಿನಕ್ಕೊಮ್ಮೆ ಬಿಸಿನೀರು, ಒಂದು ಹನಿ ಸೋಪು ಹಾಕಿ ಉಜ್ಜಿ, ಪೂರಾ ಒಣಗಿದ ಮೇಲೆಯೇ ಕಪಾಟಿನ ಬಾಗಿಲು ಮುಚ್ಚಿ.