ಹಿರಿಯ ಮರದ ಚಿತ್ರದಲ್ಲಿ ಮನುಷ್ಯರನ್ನು ಎಲ್ಲಿ ನಿಲ್ಲಿಸಬೇಕು

ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡಹುಣಸೆ (ಬಾವೊಬಾಬ್) ಮರಗಳನ್ನು ಕಣ್ಣಾರೆ ಕಂಡು ಬೆರಗಾದವರು ಅಲ್ಲಿ ತೆಗೆದ ಚಿತ್ರವನ್ನು ಮನೆಯಲ್ಲಿ ತೋರಿಸಿದಾಗ, ನೋಡಿದವರು ‘ಚೆನ್ನಾಗಿದೆ’ ಎಂದಷ್ಟೇ ಹೇಳಿ ಸುಮ್ಮನಾಗುವುದುಂಟು. ಐದಾರು ಜನ ಕೈಗೆ ಕೈ ಹಿಡಿದು ನಿಂತರೂ ತೆಕ್ಕೆಗೆ ಸಿಗದ ಆ ಬೊಡ್ಡೆ ಚಿತ್ರದಲ್ಲಿ ಹಿತ್ತಲಿನ ಮರದಂತೆ ಕಾಣುತ್ತದೆ. ಅಳೆದು ನೋಡಲು ಪಕ್ಕದಲ್ಲಿ ಕಣ್ಣಿಗೆ ಪರಿಚಿತವಾದುದು ಏನೂ ಇರುವುದಿಲ್ಲ. ಮನುಷ್ಯನ ಎತ್ತರವಾದರೆ ಎಲ್ಲರಿಗೂ ಗೊತ್ತು. ಆದ್ದರಿಂದ ಒಬ್ಬರನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿದರೆ ಮರದ ಗಾತ್ರ ತಾನಾಗಿ ತಿಳಿಯುತ್ತದೆ.

ಸರಿಯಾದ ಜಾಗವೆಂದರೆ ಕಾಂಡದ ಮಗ್ಗುಲು: ಕ್ಯಾಮೆರಾದಿಂದ ಕಾಂಡ ಎಷ್ಟು ದೂರವೋ ವ್ಯಕ್ತಿಯೂ ಅಷ್ಟೇ ದೂರದಲ್ಲಿರಬೇಕು. ಹೆಚ್ಚಿನ ಚಿತ್ರಗಳು ಕೆಡುವುದು ಇಲ್ಲಿಯೇ. ಮುಖ ಚೆನ್ನಾಗಿ ಕಾಣಲೆಂದು, 40 ಮೀಟರ್ ದೂರದ ಮರದ ಮುಂದೆ 20 ಮೀಟರ್ ಹತ್ತಿರಕ್ಕೆ ವ್ಯಕ್ತಿಯನ್ನು ಕರೆದು ನಿಲ್ಲಿಸಿದರೆ, ಕಾಂಡದ ಪಕ್ಕದಲ್ಲಿ ಕಾಣುತ್ತಿದ್ದುದರ ಎರಡು ಪಟ್ಟು ಎತ್ತರವಾಗಿ ಅವರು ಕಾಣುತ್ತಾರೆ, ಅಂದರೆ ಮರ ಅರ್ಧಕ್ಕೆ ಇಳಿಯುತ್ತದೆ. ಮರದ ಹಿಂದೆ ದೂರಕ್ಕೆ ಕಳುಹಿಸಿದರೆ ಮರ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ; ಅದು ಸುಳ್ಳಳತೆ, ಇಂಥ ಮರಗಳಿಗೆ ಅದರ ಅಗತ್ಯವೂ ಇಲ್ಲ.

ವ್ಯಕ್ತಿ ನಿಂತ ಮೇಲೆ ನೀವು ಹಿಂದಕ್ಕೆ ಸರಿಯಬೇಕು. ಬುಡದಲ್ಲೇ ನಿಂತು ಮೊಬೈಲಿನ ಅಗಲದ ಲೆನ್ಸನ್ನು ಮೇಲಕ್ಕೆತ್ತಿ ತೆಗೆದರೆ ಕಾಂಡ ಹಿಂದಕ್ಕೆ ವಾಲಿದಂತೆಯೂ, ಚಿತ್ರದ ಅಂಚಿನಲ್ಲಿರುವವರ ಮೈಕೈ ಜಗ್ಗಿದಂತೆಯೂ ಕಾಣುತ್ತದೆ. ಜಾಗವಿದ್ದರೆ ಮರದ ಎತ್ತರದ ಎರಡರಷ್ಟು ದೂರ ಹೋಗಿ, 50 ಮಿಲಿಮೀಟರ್ ಲೆನ್ಸಿನಲ್ಲಿ ಅಥವಾ ಮೊಬೈಲಿನ ಎರಡು ಪಟ್ಟು ಜೂಮಿನಲ್ಲಿ ತೆಗೆಯಿರಿ. ಆಗ ವ್ಯಕ್ತಿ ಚಿತ್ರದ ಎತ್ತರದ ಹತ್ತನೆಯ ಒಂದು ಭಾಗದಷ್ಟೇ ಇದ್ದರೂ ಸಾಕು. ಅಷ್ಟು ಚಿಕ್ಕದಾಗಿ ಕಾಣುವಾಗ ಮುಖಕ್ಕಿಂತ ಮೈಯ ಆಕಾರವೇ ಮುಖ್ಯವಾಗುವುದರಿಂದ, ಕ್ಯಾಮೆರಾದತ್ತ ನೇರ ನೋಡಿ ನಿಲ್ಲುವ ಬದಲು ಕಾಂಡಕ್ಕೆ ಕೈಯಾನಿಸಲು, ತಲೆಯೆತ್ತಿ ಕೊಂಬೆ ನೋಡಲು, ಇಲ್ಲವೇ ಪಕ್ಕಕ್ಕೆ ನಡೆದು ಹೋಗಲು ಹೇಳಿ. ಕಪ್ಪು ಕೂದಲಿನ ತಲೆ ಕಪ್ಪು ಪೊಟರೆಯ ಮುಂದೆ ಬಂದರೆ ತಲೆಯೇ ಇಲ್ಲದಂತೆ ಕಾಣುತ್ತದೆ. ಎರಡು ಹೆಜ್ಜೆ ಸರಿಸಿದರೆ ಸರಿಹೋಗುತ್ತದೆ.

ಕೆಂಪು, ಅರಿಶಿನ ಬಣ್ಣದ ಬಟ್ಟೆ ಹಸಿರಿನ ನಡುವೆ ಎದ್ದು ಕಾಣುತ್ತದೆ. ಬಿಳಿ ಬಟ್ಟೆಯ ವಿಷಯದಲ್ಲಿ ಎಚ್ಚರ ಬೇಕು. ನಮ್ಮ ತಂದೆಯವರನ್ನು ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ಮಟಮಟ ಮಧ್ಯಾಹ್ನ ಆಲದ ಕೆಳಗೆ ನಿಲ್ಲಿಸಿ ತೆಗೆದೆ. ಎಲೆಗಳ ಸಂದಿನಿಂದ ಬಿದ್ದ ಬಿಸಿಲಿನ ಚುಕ್ಕೆಗಳು ಅಂಗಿಯ ಮೇಲೆ ಸುಣ್ಣ ಮೆತ್ತಿದಂತೆ ಬಂದವು. ಹೆಗಲ ಮೇಲಿನ ಟವಲಿನ ನೇಯ್ಗೆ, ಜೇಬಿನ ಅಂಚು ಎರಡೂ ಮಾಯವಾಗಿದ್ದವು. ಸಂಜೆ ಮೋಡ ಕವಿದ ಮೇಲೆ ಅದೇ ಜಾಗದಲ್ಲಿ ತೆಗೆದಾಗ ಪಂಚೆಯ ನೆರಿಗೆ ಕೂಡ ಎಣಿಸುವಂತಿತ್ತು. ಮೋಡಕ್ಕೆ ಕಾಯಲು ಸಾಧ್ಯವಿಲ್ಲದಿದ್ದರೆ, ಮೊಬೈಲಿನ ಪರದೆಯಲ್ಲಿ ಬೆಳಕು ಹೆಚ್ಚಿರುವ ಕಡೆ ಬೆರಳಿಟ್ಟು ಒತ್ತಿ ಹಿಡಿದು, ಬೆಳಕನ್ನು ಸ್ವಲ್ಪ ಇಳಿಸಿ ತೆಗೆಯಿರಿ. ಕತ್ತಲಾದ ಭಾಗವನ್ನು ಆಮೇಲೆ ತಿಳಿಯಾಗಿಸಬಹುದು, ಸುಟ್ಟುಹೋದ ಬಿಳಿಯನ್ನು ಮರಳಿ ತರಲಾಗದು.

ಬೆಂಗಳೂರಿನ ಹೊರವಲಯದ ಕೇತೋಹಳ್ಳಿಯ ದೊಡ್ಡ ಆಲದ ಮರಕ್ಕೆ ಮೇಲಿನ ಕ್ರಮ ಒಗ್ಗುವುದಿಲ್ಲ. ಸುಮಾರು ಮೂರು ಎಕರೆ ಹರಡಿರುವ ಆ ಮರದ ಮೂಲ ಕಾಂಡ ರೋಗ ಬಂದು ಸತ್ತುಹೋಗಿದೆ; ಈಗ ಅದನ್ನು ಹೊತ್ತು ನಿಂತಿರುವುದು ನೆಲಕ್ಕಿಳಿದು ಕಂಬಗಳಾದ ಬಿಳಲುಗಳು. ಅಲ್ಲಿ ತೋರಿಸಬೇಕಾದುದು ಎತ್ತರವನ್ನಲ್ಲ, ಹರವನ್ನು. ಅದಕ್ಕಾಗಿ ಬಿಳಲುಗಳ ಸಾಲಿನ ನಡುವೆ ಒಬ್ಬರನ್ನು ಹತ್ತಿರ, ಇನ್ನೊಬ್ಬರನ್ನು ನಡುವೆ, ಮತ್ತೊಬ್ಬರನ್ನು ತೀರ ಆಚೆ, ಒಬ್ಬರ ಹಿಂದೆ ಒಬ್ಬರು ಮರೆಯಾಗದಂತೆ ನಿಲ್ಲಿಸಿ. ಒಂದೇ ಎತ್ತರದವರು ಹಂತಹಂತವಾಗಿ ಚಿಕ್ಕದಾಗುತ್ತ ಹೋಗುವುದನ್ನು ಕಂಡಾಗ ಕಣ್ಣಿಗೆ ಆ ಆಳ ಸಿಗುತ್ತದೆ. ಕ್ಯಾಮೆರಾದಲ್ಲಿ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್ 8ರಿಂದ 11ರವರೆಗೆ ಇದ್ದರೆ ಮೂವರೂ ಸ್ಪಷ್ಟವಾಗಿ ಬರುತ್ತಾರೆ. ಯಾರಾದರೂ ನಡೆಯುತ್ತಿದ್ದರೆ ಶಟರ್ ವೇಗ ಸೆಕೆಂಡಿನ 125ನೇ ಒಂದು ಭಾಗಕ್ಕಿಂತ ನಿಧಾನವಾಗಬಾರದು.

ಚಿತ್ರಕ್ಕಾಗಿ ಮಕ್ಕಳನ್ನು ಬಿಳಲಿಗೆ ಜೋತುಬೀಳಿಸುವುದಾಗಲಿ, ಪೊಟರೆಯೊಳಗೆ ಕೂರಿಸುವುದಾಗಲಿ ಬೇಡ. ಸವಣೂರಿನ ಮರಗಳಲ್ಲೊಂದು 2023ರ ಮಳೆಗಾಲದಲ್ಲಿ ಉರುಳಿಬಿದ್ದು, ಅದನ್ನು ಮತ್ತೆ ಎತ್ತಿ ನೆಡಬೇಕಾಯಿತು. ದೇವನಹಳ್ಳಿಯ ಬಳಿಯ ನಲ್ಲೂರು ಹುಣಸೆ ತೋಪು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಗಿದೆ; ಅಲ್ಲಿನ ಮುದಿ ಮರಗಳ ಟೊಳ್ಳು ಬೊಡ್ಡೆ ಆಟಕ್ಕೆ ತಕ್ಕದ್ದಲ್ಲ. ಬುಡದಲ್ಲಿ ನಾಗರಕಲ್ಲೋ ಗುಡಿಯೋ ಇದ್ದರೆ ಚಪ್ಪಲಿ ಬಿಟ್ಟೇ ಹೋಗಬೇಕು.

ಜೊತೆಗೆ ಬಂದವರಿಗಿಂತ, ದಿನವೂ ಆ ನೆರಳಿನಲ್ಲಿ ಕಸ ಗುಡಿಸುವವರು, ಆಡು ಮೇಯಿಸುವವರು ಚಿತ್ರಕ್ಕೆ ಎಷ್ಟೋ ಚೆನ್ನಾಗಿ ಹೊಂದುತ್ತಾರೆಂಬುದು ನನ್ನ ಅನುಭವ. ಅವರ ಒಪ್ಪಿಗೆ ಕೇಳಿ, ತೆಗೆದ ಮೇಲೆ ಚಿತ್ರವನ್ನು ತೋರಿಸಿ, ಸಾಧ್ಯವಾದರೆ ಒಂದು ಪ್ರತಿ ತಲುಪಿಸಿ. ನೀವು ನಿಂತ ಜಾಗ, ಬಳಸಿದ ಲೆನ್ಸ್, ದಿನಾಂಕ ಇಷ್ಟನ್ನೂ ಬರೆದಿಟ್ಟುಕೊಂಡರೆ, ಐದು ವರ್ಷದ ಬಳಿಕ ಅದೇ ವ್ಯಕ್ತಿಯನ್ನು ಅದೇ ಕಾಂಡದ ಪಕ್ಕ ನಿಲ್ಲಿಸಿ, ಯಾವ ಕೊಂಬೆ ಚಾಚಿದೆ, ಯಾವುದು ಮುರಿದಿದೆ ಎಂದು ಹೋಲಿಸಿ ನೋಡಬಹುದು.