ನಾಯಿ ಕೊಂದವರನ್ನು ಹುಡುಕುವ ಹುಡುಗನಿಂದ ನೇರ ಮಾತು ಕಲಿಯುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕಥೆಯ ಗುಟ್ಟು ರಟ್ಟಾಗುತ್ತದೆ. ಮಾರ್ಕ್ ಹ್ಯಾಡನ್ ಅವರ ‘ದ ಕ್ಯೂರಿಯಸ್ ಇನ್ಸಿಡೆಂಟ್ ಆಫ್ ದ ಡಾಗ್ ಇನ್ ದ ನೈಟ್-ಟೈಮ್’ ಕಾದಂಬರಿ ಬಂದಿದ್ದು 2003ರಲ್ಲಿ. ಇನ್ನೂ ಓದಿಲ್ಲ ಅಂದರೆ ಓದಿಕೊಂಡೇ ಬನ್ನಿ, ಇದು ಎಲ್ಲೂ ಓಡಿಹೋಗುವುದಿಲ್ಲ.

ಕಥೆ ನಡೆಯುವುದು ಇಂಗ್ಲೆಂಡಿನ ಸ್ವಿಂಡನ್ ಊರಿನಲ್ಲಿ. ಕ್ರಿಸ್ಟೋಫರ್‌ಗೆ 15 ವರ್ಷ. ರಾತ್ರಿ 12 ಗಂಟೆ 7 ನಿಮಿಷಕ್ಕೆ ನೆರೆಮನೆಯ ನಾಯಿ ವೆಲಿಂಗ್ಟನ್ ಹುಲ್ಲಿನ ಮೇಲೆ ಸತ್ತು ಬಿದ್ದಿರುವುದನ್ನು ನೋಡುತ್ತಾನೆ, ಮೈಗೆ ತೋಟದ ಫೋರ್ಕ್ ಚುಚ್ಚಿರುತ್ತದೆ. ಕೊಂದವರು ಯಾರು ಅಂತ ಹುಡುಕುತ್ತಾನೆ, ಹುಡುಕಿದ್ದನ್ನೆಲ್ಲ ಪುಸ್ತಕವಾಗಿ ಬರೆಯುತ್ತಾನೆ. ಅಧ್ಯಾಯಗಳಿಗೆ 1, 2, 3 ಅಂತ ಅಂಕಿ ಇಲ್ಲ. ಅವನಿಗೆ ಅವಿಭಾಜ್ಯ ಸಂಖ್ಯೆಗಳು ಇಷ್ಟ, ಹಾಗಾಗಿ 2, 3, 5, 7 ಅಂತ ಶುರುವಾಗಿ 233ಕ್ಕೆ ಮುಗಿಯುತ್ತದೆ.

ಕ್ರಿಸ್ಟೋಫರ್‌ಗೆ ಆಟಿಸಂ ಇದೆ ಅಂತಲೇ ಹಲವರು ಓದುತ್ತಾರೆ, ಅಂದರೆ ಜನರ ಜೊತೆ ಬೆರೆಯುವ, ಸುತ್ತಲಿನದನ್ನು ಗ್ರಹಿಸುವ ರೀತಿ ಹುಟ್ಟಿನಿಂದಲೇ ಬೇರೆ ಅಂತ. ಈ ಕಾದಂಬರಿ ಓದುವ ಮೊದಲು ಒಂದು ಕೆಲಸ ಮಾಡಿ. ‘ಆಟಿಸಂ ಅಂದರೆ ಏನು ಅಂತ ತಿಳಿದುಕೊಳ್ಳಲು ಓದುತ್ತಿದ್ದೇನೆ’ ಅನ್ನುವ ಆಸೆಯನ್ನು ಪಕ್ಕಕ್ಕಿಡಿ. ಕಾದಂಬರಿಯ ಒಳಗೆ ಆ ಪದ ಒಂದು ಸಲವೂ ಬರುವುದಿಲ್ಲ. ತಾನು ಈ ವಿಷಯದಲ್ಲಿ ಪರಿಣತ ಅಲ್ಲ ಅಂತ ಹ್ಯಾಡನ್ ಅವರೇ ಹೇಳಿಕೊಂಡಿದ್ದಾರೆ. ಆಟಿಸಂ ಇರುವ ಓದುಗರಲ್ಲಿ ಹಲವರಿಗೆ ಈ ಪುಸ್ತಕದ ಮೇಲೆ ಸಿಟ್ಟೂ ಇದೆ: ಲೆಕ್ಕದಲ್ಲಿ ಭಾರೀ ಬುದ್ಧಿವಂತ, ಬೇರೆಯವರ ಮನಸ್ಸು ಮಾತ್ರ ಅರ್ಥವಾಗದು, ಇದೇ ಹಳೇ ಅಚ್ಚು ಅಂತ. ಆ ಸಿಟ್ಟು ನ್ಯಾಯವಾದದ್ದೇ ಅನ್ನಿಸುತ್ತದೆ ನನಗೆ. ಆಟಿಸಂ ಬಗ್ಗೆ ತಿಳಿಯಬೇಕಾದರೆ ಆಟಿಸಂ ಇರುವವರೇ ಬರೆದದ್ದನ್ನು ಓದಿ. ಇದನ್ನು ಒಬ್ಬ ಹುಡುಗನ ಕಥೆಯಾಗಿ ಓದಿ. ಇದರಲ್ಲಿ ನಮಗೆ ಪಾಠ ಇರುವುದು ಆ ಹುಡುಗನ ಬಗ್ಗೆ ಅಲ್ಲ, ಅವನ ಸುತ್ತ ಇರುವ ದೊಡ್ಡವರ ಬಗ್ಗೆ.

ಈಗ ಮಾತಿನ ವಿಷಯ. ಕ್ರಿಸ್ಟೋಫರ್‌ಗೆ ರೂಪಕ ಅಂದರೆ ಆಗುವುದಿಲ್ಲ. ಇಲ್ಲದ್ದನ್ನು ಇದೆ ಅಂದರೆ ಅದು ಸುಳ್ಳು ತಾನೇ, ಅನ್ನುವುದು ಅವನ ವಾದ. ಓದುತ್ತಾ ನಗು ಬರಬಹುದು. ಆದರೆ ಪುಸ್ತಕ ಮುಚ್ಚಿಟ್ಟು ಒಂದು ದಿನ ನಿಮ್ಮ ಮಾತನ್ನೇ ಗಮನಿಸಿ ನೋಡಿ. ತಲೆ ತಿನ್ನಬೇಡ ಅಂತೀವಿ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ ಅಂತೀವಿ. ಹೊರಡುವಾಗ ‘ಬರ್ತೀನಿ’ ಅಂತೀವಿ, ಇನ್ನೂ ಕುರ್ಚಿಯಿಂದ ಎದ್ದೇ ಇರುವುದಿಲ್ಲ, ‘ಬಂದೆ’ ಅಂತ ಕೂಗುತ್ತೀವಿ.

ನನ್ನ ಅಕ್ಕನ ಮಗನಿಗೆ ಆಟಿಸಂ ಇದೆ. ಅವನು ಚಿಕ್ಕವನಿದ್ದಾಗ ಒಂದು ಸಂಜೆ ಕರೆದ, ನಾನು ಫೋನ್ ನೋಡುತ್ತಾ ‘ಬಂದೆ ಇರು’ ಅಂದೆ. ಬಾಗಿಲ ಹತ್ತಿರ ಬಂದು ನಿಂತು, ‘ಮಾಮಾ, ನೀನು ಬಂದಿಲ್ಲ, ಅಲ್ಲೇ ಇದ್ದೀಯ’ ಅಂದ. ಅದರಲ್ಲಿ ತುಂಟತನ ಇರಲಿಲ್ಲ, ನಿಜವಾಗಿಯೂ ಗಾಬರಿಯಾಗಿದ್ದ. ಅವತ್ತಿನಿಂದ ನಾನು ಅವನಿಗೆ ಗಡಿಯಾರ ನೋಡಿ ಹೇಳುತ್ತೇನೆ: ‘ಆರೂಕಾಲಿಗೆ ಬರುತ್ತೇನೆ’. ಆರೂಕಾಲಿಗೆ ಏಳುತ್ತೇನೆ.

ನೀವೂ ಹೀಗೆ ಶುರು ಮಾಡಬಹುದು. ‘ಆಮೇಲೆ’, ‘ನೋಡೋಣ’, ‘ಸ್ವಲ್ಪ ಹೊತ್ತು’ ಈ ಮೂರನ್ನು ಒಂದು ವಾರ ಬಿಟ್ಟುಬಿಡಿ. ಅವುಗಳ ಜಾಗದಲ್ಲಿ ಒಂದು ಸಮಯ ಹೇಳಿ, ಇಲ್ಲವೇ ‘ಆಗಲ್ಲ’ ಅನ್ನಿ. ‘ಸರಿಯಾಗಿರು’ ಅನ್ನುವ ಬದಲು ಏನು ಮಾಡಬೇಕು ಅಂತ ಹೇಳಿ. ಆಟಿಸಂ ಇರುವ ಮಗುವಿಗೆ ಮಾತ್ರ ಅಲ್ಲ, ಮನೆಯಲ್ಲಿ ಯಾರ ಜೊತೆಗೂ ಮಾಡಿ ನೋಡಿ, ಅರ್ಧ ಜಗಳ ಅಲ್ಲೇ ಕಡಿಮೆಯಾಗುತ್ತದೆ.

ಗಮನಿಸುವುದು ಇನ್ನೊಂದು. ಕ್ರಿಸ್ಟೋಫರ್ ಹೇಳುತ್ತಾನೆ, ಜನ ಸುಮ್ನೆ ಕಣ್ಣು ಹಾಯಿಸುತ್ತಾರೆ ಅಷ್ಟೇ, ನೋಡುವುದಿಲ್ಲ ಅಂತ. ಅವನಿಗೆ ಒಂದು ಹೊಲ ಅಂದರೆ 19 ಹಸು: 15 ಕಪ್ಪು ಬಿಳುಪು, 4 ಕಂದು ಬಿಳುಪು. ನಮಗೂ ಅಷ್ಟೆಲ್ಲ ಬೇಕಿಲ್ಲ. ಆದರೆ ಇದೇ ಮಾತನ್ನು ತಿರುಗಿಸಿ ನೋಡಿ. ಅಷ್ಟೂ ವಿವರ ಒಟ್ಟಿಗೆ ತಲೆಗೆ ನುಗ್ಗಿದರೆ, ಜನ ತುಂಬಿದ ಸ್ಟೇಷನ್ನಿನಲ್ಲಿ ಏನಾಗಬಹುದು? ಅವನು ಕಿವಿ ಮುಚ್ಚಿಕೊಂಡು ನರಳುವುದು ಹಠ ಅಲ್ಲ. ಯಾರಾದರೂ ಹಾಗೆ ಕೂತಿದ್ದರೆ ಮುಟ್ಟಬೇಡಿ, ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳಬೇಡಿ. ಮೊದಲ ಪುಟಗಳಲ್ಲೇ ಪೊಲೀಸ್ ಒಬ್ಬ ಈ ಎರಡನ್ನೂ ಮಾಡುತ್ತಾನೆ, ಹೊಡೆತ ತಿನ್ನುತ್ತಾನೆ, ಹುಡುಗ ಅರೆಸ್ಟ್ ಆಗುತ್ತಾನೆ. ಸದ್ದು ಕಡಿಮೆ ಮಾಡಿ, ಜಾಗ ಬಿಡಿ, ಕಾಯಿರಿ.

ನನ್ನ ಮಟ್ಟಿಗೆ ಪುಸ್ತಕದ ಜೀವ ಇರುವುದು ಅಪ್ಪನಲ್ಲಿ. ಅಪ್ಪ ಕೆಟ್ಟವನಲ್ಲ. ಮಗನಿಗೆ ಅಪ್ಪುಗೆ ಇಷ್ಟವಿಲ್ಲ ಅಂತ ಗೊತ್ತು, ಅದಕ್ಕೇ ಇಬ್ಬರೂ ಬೆರಳುಗಳನ್ನು ಅಗಲಿಸಿ ತುದಿಗೆ ತುದಿ ತಾಗಿಸುತ್ತಾರೆ, ಪ್ರೀತಿ ಅನ್ನುವುದಕ್ಕೆ ಅವರ ಗುರುತು ಅದು. ಅದೇ ಅಪ್ಪ, ಬಿಟ್ಟುಹೋದ ಹೆಂಡತಿಯನ್ನು ‘ಹೃದಯಾಘಾತದಿಂದ ಸತ್ತಳು’ ಅಂತ ಮಗನಿಗೆ ಹೇಳಿರುತ್ತಾನೆ, ಅವಳು ಲಂಡನ್ನಿನಿಂದ ಮಗನಿಗೆ ಬರೆದ 43 ಪತ್ರಗಳನ್ನು ಬಟ್ಟೆ ಕಪಾಟಿನಲ್ಲಿ ಬಚ್ಚಿಟ್ಟಿರುತ್ತಾನೆ. ನಾಯಿ ಕೊಂದವನೂ ಅವನೇ. ಪತ್ರಗಳು ಮಗನ ಕೈಗೆ ಸಿಕ್ಕ ಮೇಲೆಯೇ ನಿಜ ಬಾಯಿಗೆ ಬರುವುದು. ಹುಡುಗನ ಲೆಕ್ಕ ನೇರ: ಸುಳ್ಳು ಹೇಳಿದ್ದಾನೆ, ವೆಲಿಂಗ್ಟನ್‌ನನ್ನು ಕೊಂದಿದ್ದಾನೆ, ಅಂದಮೇಲೆ ನನ್ನನ್ನೂ ಕೊಲ್ಲಬಹುದು. ರಾತ್ರಿಯೆಲ್ಲ ಹೊರಗೆ ಅಡಗಿ ಕೂರುತ್ತಾನೆ. ‘ಅವನಿಗೆ ನೋವಾಗಬಾರದು ಅಂತ ಹೇಳಲಿಲ್ಲ’ ಅನ್ನುವ ಮಾತು ನಾವೆಲ್ಲ ಆಡಿದ್ದೇವೆ, ಅಲ್ವಾ? ಇಲ್ಲಿ ಅದರ ಬೆಲೆ ಕಾಣುತ್ತದೆ.

ಕೊನೆಗೆ ಅಪ್ಪ ಅದನ್ನು ಹೇಗೆ ಸರಿಪಡಿಸಲು ಹೊರಡುತ್ತಾನೆ ಅನ್ನುವ ಪುಟಗಳನ್ನು ಮಾತ್ರ ಎರಡು ಸಲ ಓದಿ. ‘ಕ್ಷಮಿಸು’ ಅಂತ ಹೇಳಿ ಅಪ್ಪಿಕೊಳ್ಳಲು ಹೋಗುವುದಿಲ್ಲ. ಒಂದು ಟೈಮರ್ ಇಡುತ್ತಾನೆ. 5 ನಿಮಿಷ ಮಾತಾಡುತ್ತೇನೆ, ಗಂಟೆ ಬಾರಿಸಿದ ಮೇಲೆ ಹೋಗಬಹುದು ಅಂತಾನೆ. ನಂಬಿಕೆ ಮತ್ತೆ ಬರಲು ಎಷ್ಟು ದಿನ ಬೇಕಾದರೂ ಹಿಡಿಯಲಿ ಅಂತಾನೆ, ಒಂದು ನಾಯಿಮರಿ ಕೊಡುತ್ತಾನೆ.

ನೀವು ಯಾರ ನಂಬಿಕೆಯನ್ನಾದರೂ ಮುರಿದಿದ್ದರೆ ಇದನ್ನೇ ಮಾಡಿ. ಮಾಡಿದ್ದನ್ನು ಒಂದೇ ವಾಕ್ಯದಲ್ಲಿ ಹೇಳಿ, ಹಿಂದೆಯೇ ‘ಆದರೆ’ ಬೇಡ. ಎಷ್ಟು ಹೊತ್ತು ಮಾತಾಡುತ್ತೀರಿ ಅಂತ ಮೊದಲೇ ಹೇಳಿ, ಅಷ್ಟಕ್ಕೇ ನಿಲ್ಲಿಸಿ. ಅವರು ಎದ್ದು ಹೋಗಲು ದಾರಿ ಬಿಡಿ, ಬಾಗಿಲಿಗೆ ಅಡ್ಡ ಕೂರಬೇಡಿ. ಉತ್ತರ ಕೇಳಬೇಡಿ. ನಾಳೆ ಮತ್ತೆ ಅದೇ 5 ನಿಮಿಷ. ಬೇಜಾರಾಗುತ್ತದೆ, ಒಂದೇ ದಿನದಲ್ಲಿ ಅತ್ತು ಮುಗಿಸಿಬಿಡೋಣ ಅನ್ನಿಸುತ್ತದೆ, ಆದರೆ ಅದು ನಮ್ಮ ಸಮಾಧಾನಕ್ಕೆ, ಅವರದ್ದಕ್ಕೆ ಅಲ್ಲ.

ಭಯದ ಬಗ್ಗೆ ಚಿಕ್ಕದಾಗಿ. ಅಮ್ಮನನ್ನು ಹುಡುಕಿಕೊಂಡು ಒಬ್ಬನೇ ಲಂಡನ್ನಿಗೆ ಹೊರಟಾಗ ಕ್ರಿಸ್ಟೋಫರ್‌ಗೆ ಸ್ವಿಂಡನ್ನಿನ ರೈಲ್ವೆ ಸ್ಟೇಷನ್ ಎಲ್ಲಿದೆ ಅಂತಲೂ ಗೊತ್ತಿರುವುದಿಲ್ಲ. ಸುರುಳಿಯಾಗಿ ಸುತ್ತುತ್ತಾ ಹೋದರೆ ಒಂದಲ್ಲ ಒಂದು ಹೊತ್ತಿಗೆ ಸಿಗಲೇಬೇಕು ಅಂತ ಯೋಚಿಸಿ ನಡೆಯುತ್ತಾನೆ. ಸ್ಟೇಷನ್ನಿನಲ್ಲಿ ನೆಲದ ಮೇಲೆ ಒಂದು ಕೆಂಪು ಗೆರೆ ಇದೆ ಅಂದುಕೊಂಡು, ಎಡ, ಬಲ, ಎಡ, ಬಲ ಅಂತ ಹೇಳಿಕೊಳ್ಳುತ್ತಾ ಅದರ ಮೇಲೆ ಕಾಲಿಡುತ್ತಾನೆ. ಭಯ ಹೋಗಿರುವುದಿಲ್ಲ, ಕಾಲು ಮಾತ್ರ ನಡೆಯುತ್ತಿರುತ್ತದೆ. ಆಸ್ಪತ್ರೆ, ಇಂಟರ್ವ್ಯೂ, ಎಲ್ಲಿಗೇ ಹೋಗಲಿ, ಮುಂದಿನ ಎರಡು ಹೆಜ್ಜೆ ಎಲ್ಲಿಡಬೇಕು ಅಂತ ಮಾತ್ರ ನೋಡಿ. ನಾನು ಮಾಡಿದ್ದೇನೆ, ಆಗುತ್ತದೆ.

ಇನ್ನು ಶಿವಾನ್, ಅವನ ಶಾಲೆಯ ಟೀಚರ್. ಯಾರಿಗಾದರೂ ಕಲಿಸುವವರು ನೀವಾಗಿದ್ದರೆ ಅವಳ ಪ್ರತಿ ಮಾತನ್ನೂ ಗುರುತು ಹಾಕಿಕೊಂಡು ಓದಿ. ಹುಡುಗನಿಗೆ ತನ್ನ ಎ-ಲೆವೆಲ್ (ನಮ್ಮ ಪಿಯುಸಿ ಮಟ್ಟದ್ದು) ಗಣಿತ ಪರೀಕ್ಷೆಯ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಬರೆದು ಪುಸ್ತಕದಲ್ಲಿ ಹಾಕುವ ಆಸೆ. ಓದುವವರಿಗೆ ಇದು ಬೇಕಾಗುವುದಿಲ್ಲ ಅಂತ ಅವಳು ನಿಜವನ್ನೇ ಹೇಳುತ್ತಾಳೆ. ಆದರೆ ತೆಗೆದುಹಾಕು ಅನ್ನುವುದಿಲ್ಲ, ಕೊನೆಯಲ್ಲಿ ಅನುಬಂಧವಾಗಿ ಹಾಕು ಅಂತಾಳೆ. ಅವನ ಇಷ್ಟಕ್ಕೂ ಒಂದು ಜಾಗ ಸಿಕ್ಕಿತು.

ಹಾಗಾಗಿ ಕಥೆ ಮುಗಿಯಿತು ಅಂತ ಪುಸ್ತಕ ಮುಚ್ಚಬೇಡಿ, ಆ ಅನುಬಂಧದವರೆಗೆ ಹೋಗಿ. ಒಂದಕ್ಕಿಂತ ದೊಡ್ಡದಾದ ಯಾವುದಾದರೂ ಸಂಖ್ಯೆ ತಗೊಳ್ಳಿ. ಅದರ ವರ್ಗಕ್ಕೆ 1 ಕೂಡಿಸಿದರೆ ಒಂದು ಬಾಹು, 1 ಕಳೆದರೆ ಇನ್ನೊಂದು, ಆ ಸಂಖ್ಯೆಯ ಎರಡರಷ್ಟು ಮೂರನೆಯದು. ಅಂಥ ತ್ರಿಕೋನ ಯಾವಾಗಲೂ ಲಂಬಕೋನ ತ್ರಿಕೋನವೇ ಅಂತ ಅವನು ಸಾಧಿಸಿ ತೋರಿಸುತ್ತಾನೆ. 2 ಹಾಕಿ ನೋಡಿ: 5, 3, 4. ಆಮೇಲೆ 3 ಹಾಕಿ. ಕಾಗದ ಪೆನ್ನು ತಗೊಂಡು, ಮನೆಯಲ್ಲಿ ಲೆಕ್ಕ ಇಷ್ಟಪಡುವ ಮಗು ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.